ತೋಟದಲ್ಲಿ ಕಾಣುವ ನಿರಪಾಯವಾದ ಜೇಡಗಳನ್ನು ಗುರುತಿಸುವ ಕ್ರಮ

(ರೈತರಿಗೂ ತೋಟಗಾರರಿಗೂ ತಿಳಿವಳಿಕೆ)

ಹೊಲಗದ್ದೆಗಳಲ್ಲಿಯೂ ಹಿತ್ತಲ ತೋಟಗಳಲ್ಲಿಯೂ ಜೇಡವನ್ನು ಕಾಣದ ರೈತನಿಲ್ಲ. ಆದರೆ ಕಂಡ ಜೇಡವು ಯಾವ ಜಾತಿಯದು, ಅದು ಏನನ್ನು ತಿಂದು ಬದುಕುವುದು, ಅದರಿಂದ ಪೈರಿಗಾಗಲಿ ಮನುಷ್ಯರಿಗಾಗಲಿ ಅಪಾಯವುಂಟೇ ಎಂಬುದನ್ನು ವಿಚಾರಿಸಿ ನೋಡಿದವರು ಕಡಮೆ. ಎಂಟು ಕಾಲಿನ ಪ್ರಾಣಿ ಕಣ್ಣಿಗೆ ಬಿದ್ದೊಡನೆಯೇ ಅದನ್ನು ಪೊರಕೆಯಿಂದಲೋ ಕೆರದಿಂದಲೋ ಬಡಿಯುವುದು ವಾಡಿಕೆಯಾಗಿದೆ.

ಈ ವಾಡಿಕೆಯಿಂದ ಎರಡು ಬಗೆಯ ನಷ್ಟವುಂಟು. ಮೊದಲನೆಯದು, ಸಂಬಳವಿಲ್ಲದೆ ಹಗಲಿರುಳೂ ಪೈರನ್ನು ಕಾಯುವ ಆಳನ್ನು ನಾವೇ ಕೊಂದಂತಾಗುವುದು. ಎರಡನೆಯದು ಇದಕ್ಕಿಂತಲೂ ಹೆಚ್ಚಿನದು: ಮೈಮೇಲೆ ಎದ್ದ ಬೊಕ್ಕೆಗೂ, ರಾತ್ರಿಯ ಹೊತ್ತು ಆದ ಕಡಿತಕ್ಕೂ ಜೇಡವೇ ಕಾರಣವೆಂದು ನಂಬಿ ಸುಮ್ಮನಿದ್ದುಬಿಟ್ಟರೆ, ನಿಜವಾದ ಕಾರಣವು ತಿಳಿಯದೆ ಹೋಗಿ ಕೆಲವು ವೇಳೆ ಪ್ರಾಣಕ್ಕೇ ಸಂಚಕಾರ ಬರುವುದು. ಆದುದರಿಂದ ನಮ್ಮ ನಾಡಿನ ತೋಟಗಳಲ್ಲಿ ಸಾಮಾನ್ಯವಾಗಿ ಕಾಣಬರುವ ನಿರಪಾಯವಾದ ಜೇಡಗಳನ್ನು ಗುರುತಿಸುವ ಕ್ರಮವನ್ನೂ, ಅವುಗಳ ಉಪಯೋಗವನ್ನೂ ಇಲ್ಲಿ ವಿವರಿಸಿದೆ.

1. ಜೇಡವೆಂದರೆ ಯಾವುದು

ಜೇಡವು ಕೀಟವಲ್ಲ. ಕೀಟಗಳಿಗೆ ಕಾಲುಗಳು ಆರು. ದೇಹವು ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗಗಳಾಗಿರುವುದು. ತಲೆಯ ಮೇಲೆ ಎರಡು ಮೀಸೆಗಳಿರುವುವು. ಬೆಳೆದ ಕೀಟಗಳಲ್ಲಿ ಬಹುಪಾಲಿಗೆ ರೆಕ್ಕೆಗಳೂ ಇರುವುವು. ಜೇಡಕ್ಕೆ ಕಾಲುಗಳು ಎಂಟು. ತಲೆಯೂ ಎದೆಯೂ ಕೂಡಿಕೊಂಡು ಒಂದು ಭಾಗ, ಹೊಟ್ಟೆ ಇನ್ನೊಂದು ಭಾಗ, ಹೀಗೆ ದೇಹವು ಎರಡೇ ಭಾಗ. ಇವೆರಡರ ನಡುವೆ ತೆಳುವಾದ ಸೊಂಟ. ಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಕಣ್ಣುಗಳು ಹೆಚ್ಚಿನ ಜಾತಿಗಳಲ್ಲಿ ಎಂಟು.

ಬಾಯಿಯ ಎರಡು ಪಕ್ಕಗಳಲ್ಲಿ ಪುಟ್ಟ ಕಾಲುಗಳಂತೆ ಕಾಣುವ ಎರಡು ಅಂಗಗಳುಂಟು. ಬೆಳೆದ ಗಂಡಿನಲ್ಲಿ ಇವುಗಳ ತುದಿ ಗುಂಡುಸೂಜಿಯ ತಲೆಯಂತೆ ಉಬ್ಬಿರುವುದು, ಹೆಣ್ಣಿನಲ್ಲಿ ಹಾಗಿರುವುದಿಲ್ಲ. ಸಾಮಾನ್ಯವಾಗಿ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಹೊಟ್ಟೆಯ ತುದಿಯಲ್ಲಿ ನೂಲು ಬರುವ ಸಣ್ಣ ಮೊಲೆಗಳಂಥ ಅಂಗಗಳಿವೆ. ಒಳಗೆ ದ್ರವವಾಗಿರುವ ಪದಾರ್ಥವು ಎಳೆದಂತೆಲ್ಲ ಗಟ್ಟಿಯಾಗಿ ನೂಲಾಗುವುದು. ಕನ್ನಡದಲ್ಲಿ 'ಜೇಡ' ಎಂಬ ಶಬ್ದಕ್ಕೆ ಬಟ್ಟೆ ನೇಯುವವನೆಂಬ ಅರ್ಥವೂ ಇರುವುದು ಇಲ್ಲಿ ನೆನೆಯತಕ್ಕದ್ದಾಗಿದೆ. ನೇಯುವ ಕಾಯಕದ ವಚನಕಾರ ದಾಸಿಮಯ್ಯನಿಗೆ ಜೇಡರ ದಾಸಿಮಯ್ಯನೆಂದು ಹೆಸರು ಬಂದದ್ದೂ ಇದರಿಂದಲೇ.

ಪ್ರಪಂಚದಲ್ಲಿ ಇದುವರೆಗೆ 50,000ಕ್ಕೂ ಮೇಲ್ಪಟ್ಟು ಜಾತಿಯ ಜೇಡಗಳು ಗುರುತಿಸಲ್ಪಟ್ಟಿವೆ. ಭಾರತದಲ್ಲಿ 1,800ಕ್ಕೂ ಹೆಚ್ಚು. ಇವುಗಳಲ್ಲಿ ಒಂದೆರಡು ವಂಶಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ವಿಷವುಂಟು. ಇದನ್ನು ಕೇಳಿ ಹೆದರಬೇಕಾದುದಿಲ್ಲ. ಆ ವಿಷವು ನೊಣ, ಚಿಟ್ಟೆ, ಜಿಗಿಹುಳುಗಳಂಥ ಸಣ್ಣ ಜೀವಿಗಳನ್ನು ಕೆಡವುವುದಕ್ಕಾಗಿ ಇರತಕ್ಕದ್ದು. ಅದರ ಮೊತ್ತವು ಅತ್ಯಲ್ಪ. ಹೆಚ್ಚಿನ ಜೇಡಗಳ ಕೋರೆಗಳಿಗೆ ಮನುಷ್ಯನ ಚರ್ಮವನ್ನು ತೂರುವ ಶಕ್ತಿಯೇ ಇರುವುದಿಲ್ಲ. ವಿಷವುಳ್ಳದ್ದೆಲ್ಲವೂ ಮನುಷ್ಯನಿಗೆ ಅಪಾಯಕಾರಿಯಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಜೇಡವು ಆಹಾರವನ್ನು ಅಗಿದು ನುಂಗಲಾರದು. ಹಿಡಿದ ಹುಳುವಿನ ಮೇಲೆ ಜೀರ್ಣರಸವನ್ನು ಸುರಿದು, ಅದರ ಮಾಂಸವು ಕರಗಿ ನೀರಾದ ಬಳಿಕ ಹೀರಿಕೊಳ್ಳುವುದು. ಎಲೆಯನ್ನಾಗಲಿ, ಕಾಯಿಯನ್ನಾಗಲಿ, ಬೇರನ್ನಾಗಲಿ ಕಡಿದು ನಷ್ಟಮಾಡುವ ಜೇಡವು ನಮ್ಮ ತೋಟಗಳಲ್ಲಿ ಒಂದೂ ಇಲ್ಲ.

2. ಜೇಡವೆಂದು ತಪ್ಪಾಗಿ ತಿಳಿಯಲ್ಪಡುವ ಜೀವಿಗಳು

ನುಸಿ: ಬದನೆ, ಬೆಂಡೆ, ಟೊಮ್ಯಾಟೊ, ಗುಲಾಬಿ ಮುಂತಾದ ಗಿಡಗಳ ಎಲೆಯ ಅಡಿಯಲ್ಲಿ ಬಿಸಿಲುಗಾಲದಲ್ಲಿ ಹುಡಿಯಂತೆ ಕಾಣುವ ನವುರಾದ ಬಲೆಯೂ, ಅದರ ನಡುವೆ ಚುಕ್ಕೆಗಳಂಥ ಕೆಂಪು ಅಥವಾ ಹಳದಿ ಜೀವಿಗಳೂ ಇರುವುವು. ಇವನ್ನು 'ಕೆಂಪು ಜೇಡ' ಎಂದು ಕರೆಯುವ ರೂಢಿಯುಂಟು. ಇವು ಜೇಡಗಳಲ್ಲ, ಎಲೆಯ ರಸವನ್ನು ಹೀರಿ ಗಿಡವನ್ನು ಸೊರಗಿಸುವ ನುಸಿಗಳು. ಇವುಗಳ ದೇಹವು ಒಂದೇ ತುಂಡಿನಂತಿದ್ದು ಸೊಂಟವಿರುವುದಿಲ್ಲ. ಬಿಳಿಯ ಕಾಗದದ ಮೇಲೆ ಎಲೆಯನ್ನು ತಟ್ಟಿದರೆ ಹರಿದಾಡುವ ಚುಕ್ಕೆಗಳಾಗಿ ಕಾಣಬರುವುವು. ನುಸಿಗೆ ಮಾಡತಕ್ಕ ಉಪಾಯವನ್ನು ಜೇಡದ ಮೇಲೆ ಮಾಡಬಾರದು.

ಉಣ್ಣೆ ಅಥವಾ ಉಣುಗು: ದನಕರುಗಳ ಮೈಗೂ, ಕಾಡಿಗೆ ಹೋದವರ ಕಾಲಿಗೂ ಹತ್ತುವ ಉಣ್ಣೆಗೂ ಬೆಳೆದ ಮೇಲೆ ಎಂಟು ಕಾಲುಗಳೇ. ಆದರೆ ಇದರ ದೇಹವು ಚೀಲದಂತೆ ಒಂದೇ ಭಾಗವಾಗಿದ್ದು ಚಪ್ಪಟೆಯಾಗಿರುವುದು. ಚರ್ಮಕ್ಕೆ ಕಚ್ಚಿಕೊಂಡರೆ ಗಂಟೆಗಟ್ಟಲೆ, ದಿನಗಟ್ಟಲೆ ಬಿಡುವುದಿಲ್ಲ. ಜೇಡವು ಎಂದಿಗೂ ಮೈಗೆ ಕಚ್ಚಿಕೊಂಡು ನಿಲ್ಲುವುದಿಲ್ಲ. ಈ ಭೇದವನ್ನು ಮಲೆನಾಡಿನವರು ಮುಖ್ಯವಾಗಿ ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಯ ಕಡಿತದಿಂದ ಹರಡತಕ್ಕದ್ದು. ಕಾಡಿಗೆ ಹೋಗಿ ಬಂದವರ ಮೈಯಲ್ಲಿ ಕಚ್ಚಿಕೊಂಡಿರುವ ಸಣ್ಣ ಜೀವಿಯನ್ನು 'ಮರಿಜೇಡ' ಎಂದು ಅಲಕ್ಷ್ಯ ಮಾಡಕೂಡದು. ಅದನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆದು, ಮುಂದೆ ಜ್ವರವೇನಾದರೂ ಬಂದರೆ ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ಹೇಳಬೇಕು.

3. ಬಲೆ ಕಟ್ಟುವ ಜೇಡಗಳು

ಜೇಡವನ್ನು ಗುರುತಿಸುವುದಕ್ಕೆ ಅದರ ಬಣ್ಣವೊಂದನ್ನೇ ನೋಡಿದರೆ ಸಾಲದು. ಒಂದೇ ಜಾತಿಯಲ್ಲಿ ಬಣ್ಣಗಳು ಹಲವಾಗಿರುವುದುಂಟು. ಬಲೆಯ ಆಕಾರ, ಜೇಡವು ಕುಳಿತಿರುವ ರೀತಿ, ಸಿಕ್ಕಿದ ಸ್ಥಳ, ಸಿಕ್ಕಿದ ಹೊತ್ತು, ಇವಿಷ್ಟನ್ನೂ ನೋಡಬೇಕು.

(ಅ) ರುಜು ಜೇಡ. ಹೂಗಿಡಗಳ ನಡುವೆ, ಬೇಲಿಯ ಸಂದಿನಲ್ಲಿ, ಕಾಫಿ ಮತ್ತು ಅಡಕೆ ತೋಟಗಳ ಅಂಚಿನಲ್ಲಿ ಗಾಲಿಯಾಕಾರದ ಬಲೆಯನ್ನು ಕಟ್ಟಿ, ಅದರ ನಡುವೆ ತಲೆಕೆಳಗಾಗಿ ಕುಳಿತಿರುವುದು. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಗುರುತಿನಂತೆ ಚಾಚುವುದು ಇದರ ಮುಖ್ಯ ಲಕ್ಷಣ. ಬಲೆಯ ಮೇಲೆಯೂ ಅದೇ ಗೆರೆಗಳ ನೇರದಲ್ಲಿ, ಯಾರೋ ರುಜು ಹಾಕಿದಂತೆ, ಬಿಳಿಯ ದಪ್ಪ ನೂಲಿನಿಂದ ಅಂಕುಡೊಂಕಾದ ಗೆರೆಗಳನ್ನು ಹೊಲಿದಿರುವುದು. ಹೊಟ್ಟೆಯ ಮೇಲೆ ಹಳದಿ, ಕಂದು, ಬಿಳಿ ಪಟ್ಟೆಗಳು. ನಮ್ಮಲ್ಲಿ ಸಾಮಾನ್ಯವಾದ ಜಾತಿಗೆ ಆರ್ಗಿಯೋಪೆ ಅನಸೂಜ ಎಂದು ಶಾಸ್ತ್ರದ ಹೆಸರು. ಹೆಣ್ಣಿನ ದೇಹವು ಸುಮಾರು ಅರ್ಧ ಅಂಗುಲವಿದ್ದರೆ ಗಂಡು ಅದರ ಮೂರನೆಯ ಒಂದು ಪಾಲು. ಹತ್ತಿರ ಹೋದರೆ ಬಲೆಯನ್ನು ಜೋರಾಗಿ ಅಲುಗಾಡಿಸುವುದು, ಇಲ್ಲವೆ ಕೆಳಕ್ಕೆ ಬಿದ್ದು ಅಡಗುವುದು, ಮೇಲೆ ಬೀಳುವುದಿಲ್ಲ. ಬಿಳಿಯ ಗೆರೆಗಳು ಹುಳುಗಳನ್ನು ಸೆಳೆಯುವುದಕ್ಕೆಂದು ಕೆಲವರೂ, ಹಕ್ಕಿಗಳು ಬಲೆಯನ್ನು ಹರಿಯದಂತೆ ಎಚ್ಚರಿಸುವುದಕ್ಕೆಂದು ಕೆಲವರೂ ಹೇಳುವರು. ಈ ವಿಷಯದಲ್ಲಿ ಶಾಸ್ತ್ರಜ್ಞರಿಗೆ ಏಕಾಭಿಪ್ರಾಯವಿಲ್ಲ.

(ಆ) ಹೊನ್ನೂಲಿನ ದೊಡ್ಡ ಜೇಡ. ಪಶ್ಚಿಮ ಘಟ್ಟಗಳ ಕಾಡಿನಲ್ಲಿಯೂ, ಕಾಫಿ, ಏಲಕ್ಕಿ, ಅಡಕೆಯ ತೋಟಗಳಲ್ಲಿಯೂ ಮಳೆಗಾಲದ ಕೊನೆಯಲ್ಲಿ ಎದ್ದು ಕಾಣುವ ಜೇಡವಿದು. ಹೆಣ್ಣಿನ ದೇಹವೇ ಒಂದೂವರೆ ಅಂಗುಲದಿಂದ ಎರಡು ಅಂಗುಲದವರೆಗೆ ಉದ್ದವಾಗಿದ್ದು, ಕಾಲುಗಳನ್ನು ಚಾಚಿದಾಗ ಅಂಗೈಯನ್ನೂ ಮೀರುವುದು. ಮೈ ಕಪ್ಪು, ಅದರ ಮೇಲೆ ಉದ್ದನೆಯ ಹಳದಿ ಗೆರೆಗಳು. ಬಲೆಯು ಒಂದು ಗಜಕ್ಕೂ ಅಗಲವಾಗಿದ್ದು ಬಿಸಿಲಿನಲ್ಲಿ ಚಿನ್ನದ ಬಣ್ಣದಿಂದ ಹೊಳೆಯುವುದು. ಅದೇ ಬಲೆಯ ಮೇಲ್ಭಾಗದಲ್ಲಿ ಕಾಲು ಅಂಗುಲವೂ ಇಲ್ಲದ ಕೆಂಪಾದ ಜೇಡವು ಕಂಡರೆ ಅದು ಮರಿಯಲ್ಲ, ಗಂಡು. ಶಾಸ್ತ್ರದ ಹೆಸರು ನೆಫಿಲ ಪಿಲಿಪೆಸ್. ತೋಟದಲ್ಲಿ ದಾರಿಗಡ್ಡವಾಗಿ ಬಲೆ ಕಟ್ಟುವುದರಿಂದ ಕೂಲಿಯಾಳುಗಳು ಇದನ್ನು ಕಂಡು ಬೆಚ್ಚುವುದುಂಟು. ಗಾತ್ರದಲ್ಲಿ ಭಯಂಕರ, ಸ್ವಭಾವದಲ್ಲಿ ಸಾಧು. ಕೈಯಲ್ಲಿ ಹಿಡಿದು ಹಿಸುಕಿದರಲ್ಲದೆ ಕಚ್ಚುವುದಿಲ್ಲ. ಕಚ್ಚಿದರೂ ಸ್ವಲ್ಪ ಹೊತ್ತಿನ ಉರಿ ನೋವಿಗಿಂತ ಹೆಚ್ಚಾಗುವುದಿಲ್ಲ.

(ಇ) ಮುಳ್ಳು ಜೇಡ. ಹೊಟ್ಟೆಯು ಏಡಿಯ ಚಿಪ್ಪಿನಂತೆ ಗಟ್ಟಿಯಾಗಿ, ಅಗಲವಾಗಿ, ಅಂಚಿನಲ್ಲಿ ಆರು ಮೊನಚಾದ ಮುಳ್ಳುಗಳನ್ನು ಹೊಂದಿರುವುದು. ಮುಳ್ಳುಗಳನ್ನು ಕಂಡು ವಿಷವಿರಬೇಕೆಂದು ಊಹಿಸುವರು. ಅವು ಹಕ್ಕಿಗಳ ಬಾಯಿಂದ ತಪ್ಪಿಸಿಕೊಳ್ಳುವ ಸಾಧನಗಳೇ ಹೊರತು ಚುಚ್ಚುವ ಆಯುಧಗಳಲ್ಲ. ಬಲೆಯ ಎಳೆಗಳ ಮೇಲೆ ಅಲ್ಲಲ್ಲಿ ಬಿಳಿಯ ನೂಲಿನ ಸಣ್ಣ ಕುಚ್ಚುಗಳಿರುವುವು.

(ಈ) ಸಂಜೆಯ ಜೇಡ. ಹಗಲಿನಲ್ಲಿ ಎಲೆಯ ಮರೆಯಲ್ಲಿ ಮುದುರಿಕೊಂಡಿದ್ದು, ಹೊತ್ತು ಮುಳುಗಿದ ಮೇಲೆ ಗಾಲಿಯಾಕಾರದ ಬಲೆಯನ್ನು ಹೊಸದಾಗಿ ಕಟ್ಟುವುದು. ಬೆಳಗಾಗುವಾಗ ಹಳೆಯ ನೂಲನ್ನು ತಾನೇ ತಿಂದು ಮುಗಿಸುವುದುಂಟು. ತಿಂದ ನೂಲಿನ ಸಾರವೇ ಮರುದಿನದ ನೂಲಾಗುವುದು. ಕಂದು ಅಥವಾ ಬೂದು ಬಣ್ಣ, ಗುಂಡಾದ ಹೊಟ್ಟೆ. ರಾತ್ರಿ ಹಾರುವ ಪತಂಗಗಳನ್ನು, ಎಂದರೆ ಕಾಯಿಕೊರಕ ಕಾಂಡಕೊರಕಗಳ ತಾಯಿಗಳನ್ನು, ಹಿಡಿಯುವುದರಲ್ಲಿ ಇದರ ಉಪಯೋಗ ಹೆಚ್ಚು.

(ಉ) ಗುಡಾರದ ಜೇಡ. ಕಳ್ಳಿಯ ಬೇಲಿಗಳಲ್ಲಿಯೂ ತೋಟದ ಪೊದೆಗಳಲ್ಲಿಯೂ ಅಡ್ಡಡ್ಡಲಾಗಿ, ಮಧ್ಯದಲ್ಲಿ ಗುಡಾರದಂತೆ ಎತ್ತಿಕಟ್ಟಿದ ನವುರಾದ ಬಲೆಯಿದು. ಈ ಬಲೆಗೆ ಅಂಟು ಇರುವುದಿಲ್ಲ. ಮೊಟ್ಟೆಯ ಚೀಲಗಳನ್ನು ಒಂದರ ಕೆಳಗೊಂದು ಸರದಂತೆ ತೂಗುಹಾಕಿರುವುದು ಗುರುತು.

(ಊ) ಬೆಳ್ಳಿ ಜೇಡ ಮತ್ತು ಕಡ್ಡಿ ಜೇಡ. ಕಾಲುವೆ, ಬಾವಿ, ಗದ್ದೆಗಳ ಹತ್ತಿರ ಓರೆಯಾಗಿ ಕಟ್ಟಿದ ಬಲೆಯಲ್ಲಿ ಹೊಟ್ಟೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಜೇಡವು ಮೊದಲನೆಯದು. ಎರಡನೆಯದು ಬತ್ತದ ಎಲೆಯ ಉದ್ದಕ್ಕೂ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ನೀಟಾಗಿ ಚಾಚಿ, ಹುಲ್ಲು ಕಡ್ಡಿಯಂತೆ ಮಲಗಿರುವುದು. ಇದರ ಕೋರೆಯ ದವಡೆಗಳು ಬಹಳ ಉದ್ದ.

(ಋ) ಗುಂಪು ಜೇಡ. ಬಯಲುಸೀಮೆಯ ಜಾಲಿ, ಕಳ್ಳಿ, ಮುಳ್ಳುಬೇಲಿಗಳಲ್ಲಿ ಕೊಳೆ ಹತ್ತಿದ ಅರಳೆಯ ಮುದ್ದೆಯಂತೆ ಕಾಣುವ ಗೂಡನ್ನು ಕಟ್ಟಿಕೊಂಡು, ಹತ್ತಾರರಿಂದ ನೂರಾರರವರೆಗೆ ಒಟ್ಟಿಗೆ ವಾಸಮಾಡುವುವು. ಜೇಡಗಳು ಸಾಮಾನ್ಯವಾಗಿ ಒಂಟಿ ಜೀವಿಗಳಾದುದರಿಂದ ಇದೊಂದು ವಿಶೇಷ. ಬೇಟೆಯನ್ನು ಒಟ್ಟಾಗಿ ಎಳೆದು ಹಂಚಿಕೊಂಡು ತಿನ್ನುವುವು. ಗೂಡನ್ನು ಸುಡುವ ರೂಢಿ ಅನವಶ್ಯಕವಾದದ್ದು.

4. ಬಲೆ ಕಟ್ಟದೆ ಬೇಟೆಯಾಡುವ ಜೇಡಗಳು

ಪೈರಿಗೆ ಉಪಕಾರ ಮಾಡುವುದರಲ್ಲಿ ಇವು ಬಲೆ ಕಟ್ಟುವವುಗಳಿಗೆ ಕಡಮೆಯಲ್ಲ. ಕೆಲವು ಅವಕ್ಕಿಂತಲೂ ಹೆಚ್ಚಿನವು.

(ಅ) ತೋಳ ಜೇಡ. ಬತ್ತದ ಗದ್ದೆಯಲ್ಲಿ ಪೈರಿನ ಬುಡದಲ್ಲಿಯೂ ನೀರಿನ ಮೇಲೂ ಚುರುಕಾಗಿ ಓಡಾಡುವ ಕಂದುಬಣ್ಣದ ಜೇಡ. ಬೆನ್ನಿನ ಮುಂಭಾಗದಲ್ಲಿ ಕವಲೊಡೆದ ಮಾಸಲು ಗುರುತಿರುವುದು. ತಾಯಿಯು ಮೊಟ್ಟೆಯ ಚೀಲವನ್ನು ಹೊಟ್ಟೆಯ ಹಿಂದುಗಡೆಗೆ ಅಂಟಿಸಿಕೊಂಡೇ ತಿರುಗುವುದು. ಮರಿಗಳು ಹೊರಬಂದ ಮೇಲೆ ಅವೆಲ್ಲವನ್ನೂ ಬೆನ್ನಿನ ಮೇಲೆ ಹೊತ್ತುಕೊಂಡಿರುವುದು. ಬೆನ್ನು ಗಂಟುಗಂಟಾಗಿ ಕಾಣುವ ಜೇಡವನ್ನು ಕಂಡರೆ ಅದು ರೋಗವಲ್ಲ, ಮರಿಗಳ ಹೊರೆ ಎಂದು ತಿಳಿಯಬೇಕು. ನಾಟಿಯಾದ ಕೆಲವೇ ದಿನಗಳಲ್ಲಿ ಗದ್ದೆಗೆ ಬಂದು ಸೇರುವುದರಿಂದ ಇದು ಬತ್ತದ ಬೆಳೆಗಾರನಿಗೆ ಬಹು ಮುಖ್ಯವಾದ ಮಿತ್ರ.

(ಆ) ಮುಳ್ಳುಗಾಲಿನ ಜೇಡ. ಅವರೆ, ತೊಗರಿ, ಹತ್ತಿ, ಬತ್ತ, ತರಕಾರಿ ಗಿಡಗಳ ತುದಿಯಲ್ಲಿ ಕಾಣುವುದು. ಕಾಲುಗಳ ಮೇಲೆ ಉದ್ದವಾದ ನೆಟ್ಟನೆಯ ಮುಳ್ಳುಗೂದಲುಗಳು, ಹಿಂದಕ್ಕೆ ಚೂಪಾಗುವ ಹೊಟ್ಟೆ. ಕೆಲವು ಕಂದು, ಕೆಲವು ಎಲೆಹಸಿರು. ಬೆಕ್ಕಿನಂತೆ ಹೊಂಚಿ ನೆಗೆದು ಹುಳುವನ್ನು ಹಿಡಿಯುವುದು. ಮೊಟ್ಟೆಯ ಚೀಲವನ್ನು ಎಲೆಗೆ ಅಂಟಿಸಿ, ಮರಿಯಾಗುವವರೆಗೂ ಬಿಡದೆ ಕಾಯುವುದು.

(ಇ) ಹೂವಿನ ಏಡಿಜೇಡ. ಮುಂದಿನ ಎರಡು ಜೊತೆ ಕಾಲುಗಳು ಉದ್ದವಾಗಿದ್ದು, ಏಡಿಯಂತೆ ಅಡ್ಡಡ್ಡಲಾಗಿ ನಡೆಯುವುದು. ಹೂವಿನ ಬಣ್ಣಕ್ಕೆ ಹೊಂದಿಕೊಂಡು ಬಿಳಿ ಅಥವಾ ಹಳದಿಯಾಗಿರುವುದರಿಂದ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಹೂವಿಗೆ ಬಂದ ನೊಣ, ಚಿಟ್ಟೆಗಳನ್ನಲ್ಲದೆ ಜೇನುಹುಳುವನ್ನೂ ಹಿಡಿಯುವುದುಂಟು.

(ಈ) ನೆಗೆಯುವ ಜೇಡ. ಗಿಡ್ಡ ಕಾಲು, ದಟ್ಟವಾದ ಕೂದಲು, ಮುಖದಲ್ಲಿ ಮುಂದಕ್ಕೆ ದಿಟ್ಟಿಸುವ ಎರಡು ದೊಡ್ಡ ಕಣ್ಣುಗಳು. ಬೆರಳನ್ನು ಆಡಿಸಿದರೆ ತಿರುಗಿ ನೋಡುವುದು. ಗೋಡೆಯ ಮೇಲೆ ನೊಣವನ್ನು ಹಿಡಿಯುವುದನ್ನು ಎಲ್ಲರೂ ಕಂಡಿರುವರು. ಮಾವು ಮುಂತಾದ ಮರಗಳಲ್ಲಿ ಎಲೆಗಳನ್ನು ಹೆಣೆದು ಗೂಡುಕಟ್ಟುವ ಕೆಂಪಿರುವೆಯನ್ನೇ, ಎಂದರೆ ಮಲೆನಾಡಿನವರ ಚಗಳಿಯನ್ನೇ, ಹೋಲುವ ಒಂದು ಜಾತಿಯೂ ಇದರಲ್ಲಿದೆ. ಮುಂದಿನ ಕಾಲುಗಳನ್ನು ಮೀಸೆಯಂತೆ ಎತ್ತಿ ಆಡಿಸುವುದು. ಕಾಲುಗಳನ್ನು ಎಣಿಸಿ ನೋಡಿದರೆ ಎಂಟಿರುವುವು.

(ಉ) ಎರಡು ಬಾಲದ ಜೇಡ. ಮಾವು, ಹುಣಿಸೆ ಮುಂತಾದ ಮರಗಳ ತೊಗಟೆಗೆ ಅಂಟಿದಂತೆ ಚಪ್ಪಟೆಯಾಗಿ ಕುಳಿತಿರುವುದು. ನೂಲು ಬರುವ ಅಂಗಗಳಲ್ಲಿ ಎರಡು ಉದ್ದವಾಗಿ ಬಾಲಗಳಂತೆ ಕಾಣುವುವು.

5. ಮನೆಯೊಳಗಿನ ಜೇಡಗಳು

ಕಣಜ, ಉಗ್ರಾಣ, ಕೊಟ್ಟಿಗೆಗಳ ಗೋಡೆಯ ಮೇಲೆ ರಾತ್ರಿ ಕಾಣುವ, ಅಂಗೈಯಗಲದ, ಚಪ್ಪಟೆಯಾದ ಕಂದು ಜೇಡವು ಹೆಂಗಸರನ್ನೂ ಮಕ್ಕಳನ್ನೂ ಬಹಳವಾಗಿ ಹೆದರಿಸುವುದು. ಇದು ಬಲೆ ಕಟ್ಟುವುದಿಲ್ಲ. ಜಿರಲೆಗಳನ್ನು ಹಿಡಿದು ತಿನ್ನುವುದು. ಹೆಣ್ಣು ಬಿಲ್ಲೆಯಂಥ ಬಿಳಿಯ ಮೊಟ್ಟೆಯ ಚೀಲವನ್ನು ಎದೆಯ ಕೆಳಗೆ ಹಿಡಿದುಕೊಂಡಿರುವುದುಂಟು. ಮೂಲೆಗಳಲ್ಲಿ ಗೋಜಲಾದ ಬಲೆ ಕಟ್ಟಿ, ಮುಟ್ಟಿದರೆ ಗಡಗಡನೆ ಅದುರುವ, ಕೂದಲಿನಂಥ ಕಾಲುಗಳ ಇನ್ನೊಂದು ಜೇಡವು ಸೊಳ್ಳೆ ನೊಣಗಳನ್ನು ಹಿಡಿಯುವುದು. ಎರಡೂ ನಿರಪಾಯವಾದವು. ಶುಭ್ರತೆಗಾಗಿ ಬಲೆಯನ್ನು ಗುಡಿಸುವುದು ಸರಿ; ಜೇಡವನ್ನು ಒಂದು ಲೋಟದಿಂದ ಮುಚ್ಚಿ, ಅಡಿಯಲ್ಲಿ ಕಾಗದವನ್ನು ತೂರಿಸಿ, ಹೊರಗೆ ಬಿಟ್ಟರೆ ಸಾಕು.

6. ಎಚ್ಚರಿಕೆಯಿಂದ ದೂರವಿರಬೇಕಾದ ಕೆಲವು

ಜೇಡಗಳೆಲ್ಲವೂ ಒಂದೇ ಬಗೆಯಲ್ಲವಾದುದರಿಂದ ಈ ಕೆಳಗಿನವುಗಳನ್ನು ಕೈಯಿಂದ ಮುಟ್ಟಬಾರದು.

ಘಟ್ಟದ ಕಾಡುಗಳಲ್ಲಿ ಹಳೆಯ ಮರಗಳ ಪೊಟರೆಯಲ್ಲಿ ವಾಸಿಸುವ, ಮೈತುಂಬ ಕೂದಲುಳ್ಳ, ಬೂದುಬಣ್ಣದ ದೊಡ್ಡ ಜೇಡಗಳುಂಟು. ಇವು ಕಚ್ಚಿದರೆ ಕಠಿಣವಾದ ನೋವೂ ಮಾಂಸಖಂಡಗಳ ಸೆಳೆತವೂ ಉಂಟಾಗಿ ಕೆಲವು ದಿನಗಳವರೆಗೆ ಬಾಧಿಸಬಹುದು. ಇವಕ್ಕೆ ಸಂಬಂಧಪಟ್ಟ ಬಿಲಜೇಡಗಳು ಬದುಗಳಲ್ಲಿಯೂ ದರೆಗಳಲ್ಲಿಯೂ ಬಿಲ ತೋಡಿ, ಬಾಯಿಗೆ ನೂಲಿನ ಒಳಪದರ ಕಟ್ಟಿರುವುವು. ಇಂಥ ಬಿಲಗಳಿಗೂ ಪೊಟರೆಗಳಿಗೂ ಬೆರಳು ಹಾಕಬಾರದು. ಎಲೆಯನ್ನು ಮಡಿಸಿ ನೂಲಿನಿಂದ ಅಂಟಿಸಿಕೊಂಡು ಒಳಗಿರುವ ತೆಳುಹಳದಿಯ ಜೇಡವು ಮರಿಗಳನ್ನು ಕಾಯುವಾಗ ಕಚ್ಚುವುದುಂಟು. ಕಣಜ ಕುಟುಕಿದಷ್ಟು ನೋವಾಗುವುದು. ಹೊಳಪಾದ ಕಪ್ಪು ಮೈ, ಗೋಲಿಯಂಥ ಹೊಟ್ಟೆ, ಅದರ ಮೇಲೆ ಕೆಂಪು ಗುರುತು, ಇಂಥ ಜೇಡವು ಭಾರತದಲ್ಲಿ ಬಹು ವಿರಳ. ಕಂಡರೆ ಮುಟ್ಟದೆ ದೂರವಿರಬೇಕು.

ಯಾವ ಜೇಡವೇ ಕಚ್ಚಿರಲಿ, ಆ ಜಾಗವನ್ನು ಸೋಪು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಕೊಯ್ಯುವುದು, ಸುಡುವುದು, ಸುಣ್ಣ ಮೆತ್ತುವುದು ಕೂಡದು. ನೋವು ಮೈಗೆಲ್ಲ ಹರಡಿದರೆ, ಸೆಳೆತ, ಜ್ವರ, ಉಸಿರಿನ ತೊಂದರೆ ಕಂಡರೆ, ಕೂಡಲೆ ಆಸ್ಪತ್ರೆಗೆ ಹೋಗಬೇಕು.

7. ಜೇಡದ ಮೇಲೆ ಹೊರಿಸಲ್ಪಡುವ ತಪ್ಪುಗಳು

ಈ ಭಾಗವನ್ನು ಪ್ರತಿಯೊಬ್ಬರೂ ಮನಸ್ಸಿಟ್ಟು ಓದಬೇಕೆಂದು ಕೋರುತ್ತೇವೆ.

ಬೆಳಗ್ಗೆ ಎದ್ದಾಗ ಕುತ್ತಿಗೆ, ಮುಖ, ತೋಳುಗಳ ಮೇಲೆ ಬರೆ ಎಳೆದಂತೆ ಕೆಂಪಾಗಿ ಉರಿದು ಬೊಕ್ಕೆಗಳೆದ್ದರೆ 'ಜೇಡ ಉಚ್ಚೆ ಹೊಯ್ದಿದೆ' ಎನ್ನುವುದು ನಮ್ಮ ಹಳ್ಳಿಪಟ್ಟಣಗಳೆರಡರಲ್ಲಿಯೂ ಇರುವ ಮಾತು. ಜೇಡದ ಮಲಮೂತ್ರಗಳಿಂದ ಹೀಗಾಗುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಸುಮಾರು ಮೂರನೆಯ ಒಂದು ಅಂಗುಲದ, ಕಪ್ಪು ತಲೆ, ಕಿತ್ತಳೆ ಬಣ್ಣದ ಎದೆ ಮತ್ತು ಹೊಟ್ಟೆ, ನಡುವೆ ನೀಲಿಗಪ್ಪಿನ ಗಿಡ್ಡ ರೆಕ್ಕೆಕವಚವುಳ್ಳ ಒಂದು ಸಣ್ಣ ಜೀರುಂಡೆಯು ಮೈಮೇಲೆ ಹರಿದಾಡುವಾಗ ನಾವು ಅದನ್ನು ಉಜ್ಜಿಬಿಡುವೆವು. ಆಗ ಅದರ ದೇಹದ ರಸವು ಚರ್ಮಕ್ಕೆ ತಗಲಿ ಉರಿಬೊಕ್ಕೆಗಳಾಗುವುವು. ಅದನ್ನು ಅರೆಯದೆ ಊದಿ ಹಾರಿಸಬೇಕು. ಅರೆದುಹೋದರೆ ತಕ್ಷಣ ಸೋಪಿನಿಂದ ತೊಳೆಯಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು. ವಿಚಿತ್ರವೇನೆಂದರೆ ಈ ಜೀರುಂಡೆಯೂ ಗದ್ದೆಯಲ್ಲಿ ಜಿಗಿಹುಳುಗಳನ್ನು ತಿನ್ನುವ ರೈತಮಿತ್ರನೇ.

ಎದೆಯ ಅಥವಾ ಸೊಂಟದ ಒಂದೇ ಪಕ್ಕದಲ್ಲಿ, ಇಲ್ಲವೆ ಮುಖದ ಒಂದೇ ಪಕ್ಕದಲ್ಲಿ, ಮೊದಲು ಸಿಡಿತ ನೋವು ಬಂದು ಅನಂತರ ಗುಂಪುಗುಂಪಾಗಿ ನೀರುಬೊಕ್ಕೆಗಳೆದ್ದರೆ ಅದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವಿಷಾಣು ದೇಹದಲ್ಲಿಯೇ ಅಡಗಿದ್ದು ಮತ್ತೆ ತಲೆಯೆತ್ತುವುದರಿಂದ ಇದು ಬರತಕ್ಕದ್ದು. ಇದನ್ನು ಜೇಡದ ವಿಷವೆಂದು ಲೇಪ ಹಾಕಿಕೊಂಡು ಕೂತರೆ ಔಷಧದ ಕಾಲ ಮೀರುವುದು. ಬೊಕ್ಕೆ ಕಂಡ 3 ದಿನಗಳೊಳಗೆ ಔಷಧವನ್ನು ಪ್ರಾರಂಭಿಸಿದರೆ ಗುಣವು ಹೆಚ್ಚು. ಕಣ್ಣಿನ ಹತ್ತಿರ ಬಂದಿದ್ದರೆ ಒಂದು ದಿನವೂ ತಡಮಾಡಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿಯ ಕಡಿತ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದಾಗ ಬಹಳ ವೇಳೆ ನೋವಾಗಲಿ ಊತವಾಗಲಿ ಕಾಣುವುದಿಲ್ಲ. ಸೂಜಿ ಚುಚ್ಚಿದಂಥ ಗುರುತು ಸಹ ಸರಿಯಾಗಿ ಕಾಣದಿರಬಹುದು. 'ಯಾವುದೋ ಜೇಡವಿರಬೇಕು' ಎಂದು ಮಗ್ಗುಲಾಗಿ ಮಲಗಿದವರು ಬೆಳಗಾಗುವುದರೊಳಗೆ ಉಸಿರಾಡಲಾರದ ಸ್ಥಿತಿಗೆ ಬರುವುದುಂಟು. ರಾತ್ರಿಯ ಹೊತ್ತು ಏನೋ ಕಚ್ಚಿ, ಬಳಿಕ ಹೊಟ್ಟೆನೋವು, ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು, ನುಂಗಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅದನ್ನು ಹಾವಿನ ಕಡಿತವೆಂದೇ ತಿಳಿದು ಹಾವಿನ ವಿಷಕ್ಕೆ ಪ್ರತಿವಿಷವಿರುವ ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು. ಕಚ್ಚಿದ ಪ್ರಾಣಿ ಕಣ್ಣಿಗೆ ಬೀಳದಿದ್ದರೆ ಲಕ್ಷಣಗಳು ಕಾಣುವವರೆಗೆ ಕಾಯದೆ ವೈದ್ಯರಿಗೆ ತೋರಿಸುವುದೇ ಲೇಸು.

8. ಜೇಡಗಳಿಂದ ಪೈರಿಗೆ ಆಗುವ ಉಪಯೋಗ

ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯು 1987ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ತೋಳ ಜೇಡವು ದಿನಕ್ಕೆ 5ರಿಂದ 15 ಹುಳುಗಳನ್ನೂ, ಒಂದು ಮುಳ್ಳುಗಾಲಿನ ಜೇಡವು ದಿನಕ್ಕೆ 2-3 ಪತಂಗಗಳನ್ನೂ ಕೊಲ್ಲುವುದು. ಕಾಂಡಕೊರಕದ ಒಂದು ಹೆಣ್ಣು ಪತಂಗವು ಮೊಟ್ಟೆಯಿಡುವ ಮೊದಲೇ ಸತ್ತರೆ ನೂರಾರು ಮರಿಹುಳುಗಳು ಹುಟ್ಟದೆ ಉಳಿದಂತೆ. ಪ್ರಪಂಚದ ಜೇಡಗಳೆಲ್ಲವೂ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ನು ಹುಳುಹುಪ್ಪಟೆಗಳನ್ನು ತಿನ್ನುವುವೆಂದು 2017ರಲ್ಲಿ ಇಬ್ಬರು ಶಾಸ್ತ್ರಜ್ಞರು ಲೆಕ್ಕ ಹಾಕಿರುವರು.

ಜೇಡಗಳನ್ನು ಕಳೆದುಕೊಂಡರೆ ಏನಾಗುವುದೆಂಬುದಕ್ಕೆ ಇಂಡೋನೇಷ್ಯದ ಅನುಭವವು ನಿದರ್ಶನ. ಅಲ್ಲಿ ಬತ್ತದ ಕಂದು ಜಿಗಿಹುಳುವಿಗೆಂದು ಔಷಧವನ್ನು ಹೆಚ್ಚುಹೆಚ್ಚಾಗಿ ಸಿಂಪಡಿಸಿದಷ್ಟೂ ಹುಳು ಹೆಚ್ಚಿತು. ಔಷಧವು ಜಿಗಿಹುಳುವಿನ ಜೊತೆಗೆ ಅದನ್ನು ತಿನ್ನುವ ಜೇಡ ಮುಂತಾದವುಗಳನ್ನೂ ಕೊಂದಿತು. ಜಿಗಿಹುಳುವಿನ ಮೊಟ್ಟೆಗಳು ಬತ್ತದ ದಂಟಿನೊಳಗೆ ಸುರಕ್ಷಿತವಾಗಿದ್ದು ಮತ್ತೆ ಮರಿಯಾದಾಗ ಅವನ್ನು ತಿನ್ನುವವರು ಗದ್ದೆಯಲ್ಲಿ ಉಳಿದಿರಲಿಲ್ಲ. ಕಡೆಗೆ 1986ರಲ್ಲಿ ಆ ಸರ್ಕಾರವು ಬತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ನಮ್ಮ ದೇಶದಲ್ಲಿಯೂ ಎರಡನೆಯ ಮಹಾಯುದ್ಧದ ತರುವಾಯ ಬಹುವಾಗಿ ಬಳಕೆಗೆ ಬಂದ ಡಿ.ಡಿ.ಟಿ. ಪುಡಿಯನ್ನು ವ್ಯವಸಾಯದಲ್ಲಿ ಉಪಯೋಗಿಸುವುದು 1989ರಲ್ಲಿ ನಿಷೇಧವಾಯಿತು.

ಆದರೂ ಜೇಡಗಳ ಗುಣವನ್ನು ಇದ್ದುದಕ್ಕಿಂತ ಹೆಚ್ಚಾಗಿ ಹೇಳಬಾರದು. ಅವು ಸಿಕ್ಕಿದ್ದನ್ನು ತಿನ್ನುವುವು. ಜೇನುಹುಳು ಮುಂತಾದ ಉಪಕಾರಿಗಳನ್ನೂ, ಒಂದನ್ನೊಂದನ್ನೂ ತಿನ್ನುವುದುಂಟು. ಕಾಯಿಯೊಳಗೆ, ಕಾಂಡದೊಳಗೆ ಸೇರಿಕೊಂಡ ಹುಳುವನ್ನು ತಲುಪಲಾರವು. ಹುಳುವು ಒಮ್ಮೆಗೇ ಹೇರಳವಾಗಿ ಬಿದ್ದಾಗ ಜೇಡಗಳಿಂದ ಮಾತ್ರವೇ ಪೈರು ಉಳಿಯಲಾರದು. ಹಾವಳಿಯು ಮಿತಿಮೀರದಂತೆ ಮೊದಲಿನಿಂದಲೂ ತಡೆದಿಡುವುದೇ ಅವುಗಳ ಕೆಲಸ.

9. ಜೇಡಗಳನ್ನು ಉಳಿಸಿಕೊಳ್ಳುವ ಕ್ರಮ

(1) ದಿನಗಳನ್ನು ಗೊತ್ತುಮಾಡಿಕೊಂಡು ಸುಮ್ಮನೆ ಔಷಧ ಹೊಡೆಯಬಾರದು. ಮೊದಲು ಗದ್ದೆಗಿಳಿದು, ಅಲ್ಲಲ್ಲಿ ಸುಮಾರು 20 ಬುಡಗಳನ್ನು ಬಗ್ಗಿಸಿ ತಟ್ಟಿ, ಕೆಡುಕು ಹುಳುಗಳೆಷ್ಟು, ಜೇಡಗಳೆಷ್ಟು ಎಂದು ಎಣಿಸಬೇಕು. ಜೇಡಗಳು ಚೆನ್ನಾಗಿದ್ದರೆ ಕೆಲವು ದಿನ ಕಾದು ಮತ್ತೆ ನೋಡಬೇಕು.

(2) ನಾಟಿಯಾದ ಮೊದಲ ತಿಂಗಳಲ್ಲಿ ಎಲೆ ಸ್ವಲ್ಪ ಹರಿದದ್ದನ್ನು ಕಂಡು ಗಾಬರಿಯಾಗಬಾರದು. ಆಗ ಹೊಡೆದ ಔಷಧವು ಗದ್ದೆಗೆ ಆಗತಾನೆ ಬಂದು ಸೇರುವ ಜೇಡಗಳನ್ನು ನಾಶಮಾಡುವುದು.

(3) ಔಷಧವು ಬೇಕೇಬೇಕಾದರೆ ಹುಳು ಬಿದ್ದ ಭಾಗಕ್ಕೆ ಮಾತ್ರ ಹಾಕಬೇಕು. ಬೇವಿನ ಬೀಜದ ಕಷಾಯವು ಜೇಡಗಳಿಗೆ ಮಾಡುವ ಹಾನಿ ಕಡಮೆ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

(4) ಬದುಗಳ ಮೇಲಿನ ಹುಲ್ಲನ್ನು ಪೂರ್ತಿಯಾಗಿ ಕೆತ್ತಿ ಸುಡಬಾರದು. ಒಂದು ಬದುವನ್ನು ಕೊಯ್ದಾಗ ಇನ್ನೊಂದನ್ನು ಬಿಟ್ಟರೆ ಜೇಡಗಳಿಗೆ ಆಶ್ರಯ ಸಿಗುವುದು.

(5) ತರಕಾರಿ ಪಾತಿಗಳಿಗೂ ಹಣ್ಣಿನ ಗಿಡಗಳ ಬುಡಕ್ಕೂ ಒಣಹುಲ್ಲು ತರಗೆಲೆಗಳ ಹೊದಿಕೆ ಹಾಕಬೇಕು. ಇದರಿಂದ ತೇವ ಉಳಿಯುವುದಲ್ಲದೆ ನೆಲದ ಜೇಡಗಳೂ ಹೆಚ್ಚುವುವು. ಕೊಯ್ಲಾದ ಗದ್ದೆಯ ಬದುವಿನಲ್ಲಿ ಹುಲ್ಲಿನ ಸಣ್ಣ ಕಟ್ಟುಗಳನ್ನಿಟ್ಟು, ಜೇಡಗಳು ಸೇರಿದ ಮೇಲೆ ಹೊಸ ನಾಟಿಯ ಗದ್ದೆಗೆ ಸಾಗಿಸಬಹುದು.

(6) ತೋಟದ ದಾರಿಗೆ ಅಡ್ಡವಾಗಿ ಬಲೆಯಿದ್ದರೆ ಉದ್ದನೆಯ ಕಡ್ಡಿಯಿಂದ ಒಂದು ಪಕ್ಕದ ಎಳೆಗಳನ್ನು ಮಾತ್ರ ಬಿಡಿಸಬೇಕು. ಜೇಡವು ತಾನೇ ಪಕ್ಕಕ್ಕೆ ಸರಿದು ಬೇರೆ ಬಲೆಯನ್ನು ಕಟ್ಟಿಕೊಳ್ಳುವುದು.

10. ಸಾರಾಂಶ

ಎಂಟು ಕಾಲು, ಎರಡು ಭಾಗದ ದೇಹ, ನಡುವೆ ಸೊಂಟ: ಇದ್ದರೆ ಜೇಡ. ಎಂಟು ಕಾಲಿದ್ದು ಸೊಂಟವಿಲ್ಲದೆ ಎಲೆಗೆ ಹತ್ತಿದ್ದರೆ ನುಸಿ. ಮೈಗೆ ಕಚ್ಚಿಕೊಂಡಿದ್ದರೆ ಉಣ್ಣೆ. ಗಾಲಿಯಂಥ ಬಲೆಯ ನಡುವೆ ಕುಳಿತದ್ದು, ಹೂವಿನಲ್ಲಿ ಹೊಂಚಿದ್ದು, ಗದ್ದೆಯ ನೀರಿನ ಮೇಲೆ ಓಡುವುದು, ಗೋಡೆಯ ಮೇಲೆ ನೆಗೆಯುವುದು, ಇವೆಲ್ಲವೂ ನಿರಪಾಯವಾದವು. ಬಿಲದಲ್ಲಿಯೂ ಪೊಟರೆಯಲ್ಲಿಯೂ ಇರುವ ಕೂದಲಿನ ದೊಡ್ಡ ಜೇಡವನ್ನು ಅದರ ಪಾಡಿಗೆ ಬಿಡಬೇಕು. ಬೊಕ್ಕೆಗೂ ರಾತ್ರಿಯ ಕಡಿತಕ್ಕೂ ಜೇಡವನ್ನು ದೂರುವ ಮೊದಲು ವೈದ್ಯರನ್ನು ಕಾಣಬೇಕು.

ಮಕ್ಕಳಿಗೆ ಜೇಡವನ್ನು ತೋರಿಸಿ ಕಾಲುಗಳನ್ನು ಎಣಿಸುವುದನ್ನೂ, ಬಲೆಯ ಆಕಾರವನ್ನು ನೋಡಿ ಹೆಸರು ಹೇಳುವುದನ್ನೂ ಕಲಿಸುವುದು ಒಳ್ಳೆಯದು. ಓದುಬರಹ ತಿಳಿದವರು ಇದನ್ನು ತಿಳಿಯದ ನೆರೆಹೊರೆಯವರಿಗೆ ಓದಿ ಹೇಳಬೇಕಾಗಿ ಕೋರಲಾಗಿದೆ.